ತೇವಾಂಶದ ಅಂಕಿ: ಮೀಟರ್ ಹೇಳುವುದೇನು, ಹೇಳದೇ ಇರುವುದೇನು?

(ಸಂಘದ ರಜತ ಮಹೋತ್ಸವದ ನಿಮಿತ್ತ ಜರುಗಿದ ರೈತರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಥೆಯನ್ನು, ನಮ್ಮ ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ವೇಳೆ ತೆಗೆದುಕೊಳ್ಳುವುದಿಲ್ಲ. ನಮಗೆ ಕೊಟ್ಟ ವಿಷಯ ಮಾಲಿನ ತೇವಾಂಶ. ಈ ವಿಷಯ ಯಾಕೆ ಬಂತು ಎಂಬುದು ತಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಹೋದ ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ನಮ್ಮ ಸಂಘದ ಮಿಷನ್ ಸೋಯಾಕ್ಕ ಹದಿಮೂರೂವರಿ ತೋರಸ್ತೈತಿ, ಅದ ಮಾಲಿಗೆ ರವಿವಾರ ಪ್ಯಾಟ್ಯಾಗ ಹನ್ನೆರಡೂವರಿ ಅಂತಾರ. ಯಾವ್ದು ಖರೆ? ಸಂಘಕ್ಕ ಯಾಕ ಹಾಕಬೇಕು?" ಎಂದು ಕೇಳಿದರು. ಸಭೆ ಅರ್ಧ ತಾಸು ಗದ್ದಲವಾಯಿತು. ಕಾಕಾ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ಮೊದಲು ಮೀಟರ್ ಏನು ಮಾಡುತ್ತದೆ ಎಂದು ತಿಳಿಯಬೇಕು. ಮೀಟರಿಗೆ ನೀರು ಕಾಣುವುದಿಲ್ಲ. ಅದು ನೋಡುವುದು ವಿದ್ಯುತ್ತನ್ನು. ಒಂದು ನಮೂನೆಯ ಮೀಟರ್ ಕಾಳನ್ನು ಒತ್ತಿ, ಅದರೊಳಗೆ ಕರೆಂಟು ಎಷ್ಟು ಸರಾಗ ಹರಿಯುತ್ತದೆ ಎಂದು ಅಳೆಯುತ್ತದೆ. ಇನ್ನೊಂದು ನಮೂನೆಯದು ಕಾಳು ತುಂಬಿದ ಡಬ್ಬಿ ಎಷ್ಟು ವಿದ್ಯುತ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುತ್ತದೆ. ಹೀಗೆ ಹಿಡಿಯುವ ಗುಣ ನೀರಿಗೆ ಸುಮಾರು 80 ಇದ್ದರೆ ಒಣಗಿದ ಕಾಳಿಗೆ 2ರಿಂದ 4 ಅಷ್ಟೇ. ಹಾಗಾಗಿ ಸ್ವಲ್ಪ ಹಸಿ ಹೆಚ್ಚಾದರೂ ಮೀಟರಿಗೆ ಗೊತ್ತಾಗುತ್ತದೆ. ಈ ವಿದ್ಯುತ್ತಿನ ಲೆಕ್ಕವನ್ನು ಕಂಪನಿಯವರು ಒಳಗೆ ಇಟ್ಟ ಕೋಷ್ಟಕದ ಪ್ರಕಾರ ಶೇಕಡಾವಾರಿಗೆ ತಿರುಗಿಸಿ ತೋರಿಸುತ್ತಾರೆ. ಕೋಷ್ಟಕ ಸೋಯಾಕ್ಕೆ ಬೇರೆ, ಭತ್ತಕ್ಕೆ ಬೇರೆ, ಗೋವಿನಜೋಳಕ್ಕೆ ಬೇರೆ. ಭತ್ತದ ನಂಬರಿಗೆ ಇಟ್ಟು ಸೋಯಾ ಹಾಕಿದರೂ ಅದು ಒಂದು ಅಂಕಿ ತೋರಿಸಿಯೇ ತೋರಿಸುತ್ತದೆ! ಪಾಪ, ಒಳಗೆ ಬಿದ್ದದ್ದು ಏನೆಂದು ಅದಕ್ಕೆ ಗೊತ್ತಾಗುವುದಿಲ್ಲ.

ನೀರನ್ನು ಖರೆ ಖರೆ ಅಳೆಯುವ ಪದ್ಧತಿ ಬೇರೆ ಇದೆ. ಕಾಳು ಪುಡಿ ಮಾಡಿ, ತೂಗಿ, ಪ್ರಯೋಗಾಲಯದ ಓವನ್‌ನಲ್ಲಿ ಸುಮಾರು 130 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಕಡಿಮೆಯಾದ ತೂಕವೇ ನೀರು. ನೂರು ಗ್ರಾಂ ಕಾಳಿನಲ್ಲಿ ಹನ್ನೆರಡು ಗ್ರಾಂ ನೀರು ಹೋದರೆ ತೇವಾಂಶ ಶೇ. 12. ಮೀಟರುಗಳೆಲ್ಲ ಈ ಓವನ್ನಿಗೆ ಹೊಂದಿಸಿ ಮಾಡಿದ ನಕಲು ಇದ್ದ ಹಾಗೆ. ನಕಲಿನಲ್ಲಿ ಅರ್ಧ ಅಂಶ ಹೆಚ್ಚು ಕಡಿಮೆ ಆಗುವುದು ಮಿಷನ್ನಿನ ಸ್ವಭಾವ. ಅದಕ್ಕೆ ಯಾರನ್ನೂ ಕಳ್ಳ ಅನ್ನಬೇಕಾಗಿಲ್ಲ.

ಈಗ ಕಾಕಾ ಅವರ ಮಾಲಿಗೆ ಬರೋಣ. ಒಂದೇ ಮಾಲು, ಒಂದೇ ದಿನ, ಎರಡು ಅಂಕಿ. ಹೀಗಾಗಲು ನಮಗೆ ತಿಳಿದ ಮಟ್ಟಿಗೆ ಮುಖ್ಯ ಕಾರಣ ಮೂರು ನಾಲ್ಕು.

ಸೋಯಾ ರಾಶಿ ಆಗುವುದು ಸಪ್ಟೆಂಬರ್ ಕೊನೆಗೆ, ಅಕ್ಟೋಬರದಲ್ಲಿ. ಹಿಂದ ಮಳಿ ಬಿಡುವುದಿಲ್ಲ. ಬಿಸಿಲು ಬಿದ್ದ ಕೂಡಲೇ ತಾಡಪತ್ರಿ ಹಾಸಿ ಎರಡು ತಾಸು ಹರವಿ, ಚೀಲ ತುಂಬಿ ಗಾಡಿಗೆ ಹಾಕುತ್ತೇವೆ. ಆಗ ಕಾಳಿನ ಮೈ ಒಣಗಿರುತ್ತದೆ, ಹೊಟ್ಟೆ ಹಸಿ ಇರುತ್ತದೆ. ಕರೆಂಟು ಹರಿಸಿ ನೋಡುವ ಮೀಟರಿಗೆ ಮೈ ಮುಖ್ಯ. ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದೇ ಕಾಳು ರಾತ್ರಿಯೆಲ್ಲ ಚೀಲದಲ್ಲಿ ಕುಳಿತರೆ ಒಳಗಿನ ಹಸಿ ಹೊರಗೆ ಬಂದು ಸಮ ಆಗುತ್ತದೆ. ಮರುದಿನ ಮುಂಜಾನೆ ಅಳೆದರೆ ಅಂಕಿ ಮೇಲೆ ಹೋಗಿರುತ್ತದೆ. ಇದರಾಗ ಸಂಘದವರ ಕೈಚಳಕ ಏನೂ ಇಲ್ಲ. ಇದಕ್ಕೆ ತಿರುಗಾಮುರುಗಾ, ಮಂಜಿನಲ್ಲಿ ಮೈ ತೊಯ್ದ ಒಣ ಕಾಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಬಿಸಿಲಿನಿಂದ ಎತ್ತಿದ ಬಿಸಿ ಕಾಳನ್ನು ಹಾಗೇ ಹಾಕಿದರೂ ಮೀಟರಿನ ಲೆಕ್ಕ ತಪ್ಪುತ್ತದೆ. ಕಾಳೂ ಮೀಟರೂ ಒಂದೇ ನೆರಳಿನಲ್ಲಿ ಸ್ವಲ್ಪ ಹೊತ್ತು ಇದ್ದ ಮೇಲೆಯೇ ಅಳೆಯಬೇಕು.

ಎರಡನೆಯದು, ಕಾಳು ಎಲ್ಲಿಂದ ತೆಗೆದರು ಎಂಬುದು. ಚೀಲದ ಬಾಯಿ ಬಿಚ್ಚಿ ಮೇಲಿನ ಮುಷ್ಟಿ ತೆಗೆದರೆ ಒಂದು ಅಂಕಿ, ಕೊಳವೆ ಚುಚ್ಚಿ ನಡುವಿನದು ತೆಗೆದರೆ ಇನ್ನೊಂದು, ಟ್ರಾಲಿಯ ತಳದ ಚೀಲದ್ದು ಮತ್ತೊಂದು. ಇಲ್ಲಿ ಸರಾಸರಿಯ ಮೋಸವೂ ಒಂದಿದೆ, ಗಮನಿಸಿರಿ. ಒಂಬತ್ತು ಚೀಲ ಹನ್ನೊಂದೂವರೆ ಇದ್ದು ಒಂದು ಚೀಲ ಹತ್ತೊಂಬತ್ತು ಇದ್ದರೆ ಸರಾಸರಿ ಹನ್ನೆರಡೂಕಾಲು ಬರುತ್ತದೆ. ಕಾಗದದ ಮೇಲೆ ಮಾಲು ಚೊಕ್ಕ. ಆದರೆ ಗೋದಾಮಿನಲ್ಲಿ ಆ ಒಂದು ಚೀಲ ಬಿಸಿಯೇರಿ, ಬೂಸು ಹಿಡಿದು, ಪಕ್ಕದ ನಾಲ್ಕು ಚೀಲ ಕೆಡಿಸುತ್ತದೆ. ಗೋವಿನಜೋಳ, ಶೇಂಗಾ ಇದ್ದರಂತೂ ಆ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಅದು ಕುದಿಸಿದರೂ ಹೋಗುವಂಥದ್ದಲ್ಲ. ಆದ್ದರಿಂದ ಸರಾಸರಿಗಿಂತ ಅಂಕಿಗಳ ನಡುವಿನ ಅಂತರವನ್ನೇ ನಾವು ಹೆಚ್ಚು ನೋಡುತ್ತೇವೆ. ಐದು ಕಡೆ ಅಳೆದಾಗ ಐದೂ ಹದಿಮೂರರ ಆಸುಪಾಸು ಬಂದರೆ ಆ ಮಾಲನ್ನು ಒಂದು ಬಿಸಿಲು ಕೊಟ್ಟು ಸರಿ ಮಾಡಬಹುದು. ನಾಲ್ಕು ಹನ್ನೊಂದು ಬಂದು ಒಂದು ಹದಿನೆಂಟು ಬಂದರೆ ಆ ಚೀಲ ಬಿಚ್ಚಲೇಬೇಕು.

ಸಮುದ್ರದ ದಂಡೆಯ ಮಂದಿ ಹಳೇ ಫೈಬರ್ ದೋಣಿ ಕೊಳ್ಳುವಾಗಲೂ ತೇವಾಂಶದ ಮೀಟರ್ ಹಚ್ಚಿ ನೋಡುವ ರೂಢಿ ಇದೆ. ನಮಗೂ ದೋಣಿಗೂ ಏನು ಸಂಬಂಧ ಎಂದು ನಗಬೇಡಿರಿ. ಬಲ್ಲ ಸರ್ವೇಯರ್ ಒಂದೇ ಕಡೆ ಮೀಟರ್ ಹಚ್ಚಿ "ದೋಣಿ ಹಾಳಾಗೈತಿ" ಅನ್ನುವುದಿಲ್ಲ. ದೋಣಿಯ ಮೈತುಂಬ ಹತ್ತಾರು ಕಡೆ ಹಚ್ಚಿ, ಎಲ್ಲಿ ಅಂಕಿ ಒಮ್ಮೆಲೇ ಏರುತ್ತದೆ ಎಂದು ಗುರುತು ಮಾಡಿಕೊಳ್ಳುತ್ತಾನೆ. ದೋಣಿ ನೀರಿನಿಂದ ಮೇಲೆ ಬಂದು ಎಷ್ಟು ದಿನ ಆಯಿತು ಎಂದು ಕೇಳುತ್ತಾನೆ. ಒಳಗಡೆ ನೀರಿನ ಟಾಕಿಯೋ ಕಬ್ಬಿಣವೋ ಇದ್ದರೂ, ಮೇಲಿನ ಬಣ್ಣದಿಂದಲೂ ಮೀಟರ್ ಹೆಚ್ಚು ತೋರಿಸುತ್ತದೆ ಎಂಬುದು ಅವನಿಗೆ ಗೊತ್ತು. ಅಂಕಿ ಹೆಚ್ಚಿದ್ದ ಕಡೆ ಸಣ್ಣ ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳಿ, ಗುಳ್ಳೆ ಎದ್ದಿದೆಯೋ ನೋಡಿ, ಆಮೇಲೆ ಅಭಿಪ್ರಾಯ ಹೇಳುತ್ತಾನೆ. ಅವನ ಮೀಟರಿನ ಕೆಲಸ ಎಲ್ಲಿ ಹುಡುಕಬೇಕು ಎಂದು ತೋರಿಸುವುದು. ನಮ್ಮ ಕಾಳಿನ ಮೀಟರಿನ ಕೆಲಸವೂ ಬಹಳ ಮಟ್ಟಿಗೆ ಅಷ್ಟೇ.

ಇನ್ನು ಖಾನಾಪುರ ಸೀಮೆಯ ಭತ್ತದ ಮಾತು. ಅಲ್ಲಿ ಕೊಯ್ದ ಭತ್ತ ನವಂಬರದಲ್ಲಿ ಗದ್ದೆಯಲ್ಲೇ ಬಿದ್ದಿರುತ್ತದೆ. ರಾತ್ರಿ ಮಂಜು ಕುಡಿಯುತ್ತದೆ, ಹಗಲು ಬಿಸಿಲು ತಿನ್ನುತ್ತದೆ. ನಾಲ್ಕೈದು ದಿನ ಹೀಗಾದರೆ ಕಾಳಿನೊಳಗೆ ಕೂದಲೆಳೆಯಂಥ ಬಿರುಕು ಬೀಳುತ್ತವೆ. ತಂದು ಅಳೆದರೆ ಹದಿನಾಲ್ಕು ತೋರಿಸುತ್ತದೆ, ಮಿಲ್ಲಿಗೆ ಹಾಕಲು ಒಳ್ಳೇ ಹದ. ಆದರೆ ಗಿರಣಿಯಿಂದ ಹೊರಬೀಳುವುದು ಅಕ್ಕಿಗಿಂತ ನುಚ್ಚೇ ಹೆಚ್ಚು. ಬೆಳಗಾವಿ ಬಾಸ್ಮತಿಯಂಥ ವಾಸನೆಯ ಭತ್ತ ನುಚ್ಚಾದರೆ ಬೆಲೆ ಎಲ್ಲಿಯದು? ಮೀಟರ್ ಇವತ್ತಿನ ಹಸಿ ಹೇಳೀತು. ಕಾಳು ಹೋದ ವಾರ ಏನು ಅನುಭವಿಸಿತು ಎಂಬುದನ್ನು ಹೇಳಲಾರದು. ಅದನ್ನು ಹತ್ತು ಕಾಳು ಸುಲಿದು ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಹಿರಿಯರು ಹಲ್ಲಿನಲ್ಲಿ ಕಡಿದು ಸಪ್ಪಳ ಕೇಳುತ್ತಿದ್ದರು. ಕಟಕ್ ಅಂದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ಮಿಷನ್ ಬಂದದ್ದಕ್ಕೆ ಆ ಹಲ್ಲಿಗೆ ರಜೆ ಕೊಡುವ ಕಾರಣ ನಮಗೆ ಕಾಣುವುದಿಲ್ಲ.

ಈಗ ರೊಕ್ಕದ ಮಾತು. ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲಿ ಭತ್ತಕ್ಕೆ ಶೇ. 17, ಗೋವಿನಜೋಳಕ್ಕೆ 14, ಸೋಯಾಕ್ಕೆ 12 ತೇವಾಂಶ ಮಿತಿ. 2024ರ ಮುಂಗಾರಿ ಸೋಯಾಕ್ಕೆ ಮಾತ್ರ ಕೇಂದ್ರ ಸರ್ಕಾರ ಒಂದು ಸಲದ ಮಟ್ಟಿಗೆ 15ರ ವರೆಗೆ ಸಡಿಲಿಕೆ ಕೊಟ್ಟಿತ್ತು. ಮಿತಿಗಿಂತ ಹೆಚ್ಚಿದ್ದ ಮಾಲು ಖಾಸಗಿಯಲ್ಲಿ ಮಾರುವಾಗ ಕಡಿತ ಹಿಡಿಯುತ್ತಾರೆ. ಎಷ್ಟು ಹಿಡಿದರೆ ನ್ಯಾಯ? ಹದಿನಾರರ ಸೋಯಾ ನೂರು ಕಿಲೋ ಇದೆ ಎನ್ನಿರಿ. ಅದರಲ್ಲಿ ನೀರು 16 ಕಿಲೋ, ಒಣ ಪದಾರ್ಥ 84 ಕಿಲೋ. ಹನ್ನೆರಡಕ್ಕೆ ಒಣಗಿದ ಮೇಲೆ ಈ 84 ಕಿಲೋ, ಮಾಲಿನ ನೂರರಲ್ಲಿ 88 ಪಾಲು ಆಗುತ್ತದೆ. 84ನ್ನು 88ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 95.45 ಕಿಲೋ. ಅಂದರೆ ಹೋದದ್ದು ನಾಲ್ಕೂವರೆ ಕಿಲೋ ಮೇಲೆ ಐವತ್ತು ಗ್ರಾಂ. "ನಾಲ್ಕು ಅಂಶ ಹೆಚ್ಚು, ನಾಲ್ಕು ಕಿಲೋ ಹಿಡೀರಿ" ಎಂದು ನಾವು ಜಗಳ ತೆಗೆದರೆ ನಮ್ಮ ಲೆಕ್ಕ ಅರ್ಧ ಕಿಲೋ ಕಡಿಮೆ. ಅಂಶಕ್ಕೆ ಒಂದೂವರೆಯಂತೆ ಆರು ಕಿಲೋ ಹಿಡಿದರೆ ಕೊಳ್ಳುವವರ ಲೆಕ್ಕ ಸುಮಾರು ಒಂದೂವರೆ ಕಿಲೋ ಹೆಚ್ಚು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5328 ರೂಪಾಯಿಯ ಪ್ರಕಾರ ಅದು ಕ್ವಿಂಟಲಿಗೆ 77 ರೂಪಾಯಿ. ಒಣಗಿಸುವ ಕೂಲಿ ಅಂತ ಹಿಡಿಯುವುದಿದ್ದರೆ ಹಿಡಿಯಲಿ, ಆದರೆ ಅದನ್ನು ಕೂಲಿ ಎಂದೇ ಪಾವತಿಯಲ್ಲಿ ಬರೆಯಲಿ.

ಇದರ ಇನ್ನೊಂದು ಮಗ್ಗಲು ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಕಡಿತಕ್ಕೆ ಹೆದರಿ ನಾಲ್ಕು ದಿನ ಬಿಸಿಲಿಗೆ ಹಾಕಿ ಒಂಬತ್ತಕ್ಕೆ ಇಳಿಸಿ ಒಯ್ಯುವವರು ಇದ್ದಾರೆ. ಒಂಬತ್ತರ ನೂರು ಕಿಲೋದಲ್ಲಿ ಒಣ ಪದಾರ್ಥ 91 ಕಿಲೋ. ಹನ್ನೆರಡರ ಲೆಕ್ಕದಲ್ಲಿ ಅದು 103 ಕಿಲೋ 400 ಗ್ರಾಂ ಮಾಲು. ಯಾರೂ ಆ ಮೂರು ಕಿಲೋ 400 ಗ್ರಾಂಗೆ ಹೆಚ್ಚಿನ ರೊಕ್ಕ ಕೊಡುವುದಿಲ್ಲ. ಅದೇ ದರದಲ್ಲಿ ಕ್ವಿಂಟಲಿಗೆ 181 ರೂಪಾಯಿ ಬಿಸಿಲಿಗೆ ಹೋದಂತೆ. ಮೇಲಾಗಿ ಅಷ್ಟು ಒಣಗಿದ ಸೋಯಾ ಕಾಳು ಹಮಾಲರು ಚೀಲ ಒಗೆದ ಪೆಟ್ಟಿಗೆ ಬೇಳೆಯಾಗಿ ಒಡೆಯುತ್ತದೆ. ಹೆಚ್ಚು ಹಸಿ ಇದ್ದರೆ ಕೇಳುವವರು ಹತ್ತು ಮಂದಿ, ಹೆಚ್ಚು ಒಣಗಿದರೆ ಹೇಳುವವರು ಒಬ್ಬರೂ ಇಲ್ಲ.

ಅಂಕಿ, ಕಡಿತ, ದರ ಈ ಮೂರನ್ನೂ ಕೂಡಿಸಿ ನೋಡಬೇಕು. ಒಂದು ಅಂಗಡಿಯಲ್ಲಿ ಹನ್ನೆರಡೂವರೆ ಅಂದು, ಕಡಿತವಿಲ್ಲ ಅಂದು, ದರದಲ್ಲಿ ನೂರೈವತ್ತು ಕಡಿಮೆ ಹಿಡಿದರೆ ಆ ಮೀಟರ್ ನಮಗೆ ಉಪಕಾರ ಮಾಡಿದಂತಾಯಿತೇ? ಪೇಟೆಯವರೆಲ್ಲ ಹಾಗೆ ಎಂದು ನಾವು ಹೇಳುತ್ತಿಲ್ಲ. ಅಪ್ಪ, ಅಜ್ಜನ ಕಾಲದಿಂದ ನಂಬಿಕೆಯ ವ್ಯವಹಾರ ನಡೆಸಿದವರು ಅಲ್ಲಿದ್ದಾರೆ. ಮನೆಗೆ ಬಂದು ಪಾವತಿಯನ್ನು ಎದುರಿಗೆ ಇಟ್ಟುಕೊಂಡು, ಕೈಗೆ ಬಂದ ಒಟ್ಟು ರೊಕ್ಕವನ್ನು ಒಣ ಪದಾರ್ಥದ ಕಿಲೋಕ್ಕೆ ಹಚ್ಚಿ ನೋಡಿರಿ. ಸಂಘದ್ದು ಕಡಿಮೆ ಬಂದರೆ ನಿರ್ದೇಶಕರಾದ ನಮ್ಮನ್ನು ಕೇಳುವ ಹಕ್ಕು ತಮಗಿದೆ.

ಕೇಳುತ್ತೀರಿ ಎಂದೇ ಆಡಳಿತ ಮಂಡಳಿಯಲ್ಲಿ ಕೆಲವು ಮಾತು ಗೊತ್ತು ಮಾಡಿದ್ದೇವೆ. ಹಂಗಾಮು ಸುರು ಆಗುವ ಮೊದಲು ಸಂಘದ ಮೀಟರಿನ ಅಂಕಿಯನ್ನು ಓವನ್ ಇರುವ ಪ್ರಯೋಗಾಲಯದ ಅಂಕಿಯ ಜೊತೆ ಸೋಯಾ, ಭತ್ತ, ಗೋವಿನಜೋಳ ಮೂರಕ್ಕೂ ತಾಳೆ ನೋಡಿ, ಬಂದ ವ್ಯತ್ಯಾಸವನ್ನು ಕಚೇರಿಯ ಫಲಕದ ಮೇಲೆ ಬರೆಯುವುದು. ಪ್ರತಿ ಮಾಲಿಗೆ ಕನಿಷ್ಠ ಐದು ಕಡೆಯಿಂದ ಕಾಳು ತೆಗೆದು, ಐದೂ ಅಂಕಿಗಳನ್ನು ಪಾವತಿಯ ಮೇಲೆ ಬರೆಯುವುದು, ಸರಾಸರಿ ಒಂದನ್ನೇ ಅಲ್ಲ. ಮೀಟರಿನ ಮೇಲೆ ಯಾವ ಬೆಳೆಯ ನಂಬರು ಇದೆ ಎಂದು ಮಾಲಿನವರಿಗೆ ತೋರಿಸಿಯೇ ಗುಂಡಿ ಒತ್ತುವುದು. ಬ್ಯಾಟರಿ ಇಳಿದಾಗ ಅಳೆಯುವುದಿಲ್ಲ. ಇದಕ್ಕೆಲ್ಲ ವೇಳೆ ಹಿಡಿಯುತ್ತದೆ, ಗಾಡಿ ಸಾಲು ನಿಲ್ಲುತ್ತವೆ, ನಾಲ್ಕು ಮಂದಿ ಬೈಯುತ್ತಾರೆ. ಬೈಸಿಕೊಳ್ಳಲು ನಾವು ತಯಾರಿದ್ದೇವೆ.

ಮನೆಯಲ್ಲಿ ಮೀಟರ್ ಇಲ್ಲದ ತಾಯಂದಿರಿಗೆ ಒಂದು ಉಪಾಯವಿದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ಕಾಳು, ಎರಡು ಮೂರು ಚಮಚ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ, ಬಿರಡೆ ಬಿಗಿದು ಎರಡು ಮೂರು ಮಿನಿಟು ಅಲ್ಲಾಡಿಸಿರಿ. ಹದಿನೈದು ಮಿನಿಟು ಬಿಟ್ಟು ನೋಡಿರಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವಾಂಶ ಹದಿನೈದಕ್ಕಿಂತ ಹೆಚ್ಚು ಇದೆ, ಆ ಕಾಳನ್ನು ಕಣಜಕ್ಕೆ ಹಾಕಬೇಡಿರಿ. ಉಪ್ಪು ಉದುರಿದರೆ ಹದಿನೈದರ ಕೆಳಗೆ ಬಂದಿದೆ ಎಂದಷ್ಟೇ ಅರ್ಥ. ಸೋಯಾಕ್ಕೆ ಅಷ್ಟು ಸಾಲದು, ಇನ್ನೊಂದು ಬಿಸಿಲು ಬೇಕು.

ಮಾರುವ ಮೊದಲು ಸಂಘದ ಕಚೇರಿಯಲ್ಲಿ ತೋರಿಸುವುದಿದ್ದರೆ ನಾಲ್ಕೈದು ಚೀಲದಿಂದ ಸ್ವಲ್ಪ ಸ್ವಲ್ಪ ತೆಗೆದು, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತನ್ನಿರಿ, ಚೀಲದ ಗುರುತು ಬರೆದಿರಲಿ. ಅರಿವೆಯಲ್ಲಿ ಗಂಟು ಕಟ್ಟಿ ತಂದರೆ ದಾರಿಯ ಗಾಳಿಗೆ ಕಾಳು ಆರಿ, ಮನೆಯಲ್ಲಿದ್ದ ಮಾಲಿಗೂ ಅದಕ್ಕೂ ತಾಳೆ ಆಗುವುದಿಲ್ಲ. ಸೋಯಾ ರಾಶಿ ಮುಗಿಯುವ ತನಕ ಇದಕ್ಕೆ ಫೀ ಇರುವುದಿಲ್ಲ.