ಕೂಡಿ ಓದುವ ಲಾಭ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭೌತಶಾಸ್ತ್ರದ ಪರೀಕ್ಷೆಗೆ ಇನ್ನು ಮೂರೇ ವಾರ. ರಾತ್ರಿಶಾಲೆ ಬಿಟ್ಟ ಮೇಲೆ ಐವರು ಹುಡುಗರು ಇಲ್ಲಿ ಕೂಡಿ ಓದುತ್ತಾರೆ. ನಾನು ಗುಮಾಸ್ತ, ಮೇಷ್ಟ್ರಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಲೋಲಕದ ಪಾಠ ಎಲ್ಲರಿಗೂ ಬಾಯಿಪಾಠವಾಗಿತ್ತು. "ಗುಂಡಿನ ತೂಕ ಹೆಚ್ಚಿದರೆ?" ಎಂದಾಗ ಮಾತ್ರ ಉತ್ತರ ಎರಡಾಯಿತು. ಕಳೆದ ವರ್ಷ ನಪಾಸಾಗಿದ್ದ ಹೋಟೆಲಿನ ಹುಡುಗ ಎದ್ದು, ಕಪಾಟಿನ ಬೀಗವನ್ನು ದಾರಕ್ಕೆ ಕಟ್ಟಿ ಕಿಟಕಿಯಲ್ಲಿ ತೂಗುಬಿಟ್ಟ. ಬೀಗದ ನಡುವಿನವರೆಗೆ ಒಂದು ಮೀಟರು. ಮೆಲ್ಲಗೆ ತೂಗಿ ಎಣಿಸಿದರು: 20 ಆಂದೋಲನಕ್ಕೆ ಸುಮಾರು 40 ಸೆಕೆಂಡು. ಭಾರದ ಬೀಗ ಕಟ್ಟಿದರೂ ಅಷ್ಟೇ. ಉದ್ದವನ್ನು 25 ಸೆಂಟಿಮೀಟರಿಗೆ ಇಳಿಸಿದಾಗ 20 ಸೆಕೆಂಡು. ಉದ್ದ ಕಾಲುಭಾಗವಾದರೆ ಕಾಲ ಅರ್ಧ. ಸೂತ್ರದ ವರ್ಗಮೂಲ ಅಂದು ಕಣ್ಣಿಗೆ ಕಂಡಿತು.

"ಒಬ್ಬನೇ ಓದಿದಾಗ ಎಲ್ಲ ತಿಳಿದಂತಿತ್ತು ರಾಯರೇ, ಇವರಿಗೆ ಹೇಳಹೊರಟಾಗಲೇ ಎಲ್ಲಿ ತಿಳಿದಿಲ್ಲವೆಂಬುದು ಗೊತ್ತಾಯಿತು" ಎಂದ ಆ ಹುಡುಗ.

ಈ ಸಲವೂ ತಪ್ಪಿದರೆ ಓದು ಬಿಟ್ಟು ಊರಿಗೆ ಬಾ ಎಂದು ಅವನ ತಂದೆ ಬರೆದಿದ್ದಾರೆ. ಆದುದರಿಂದ ಸಮಿತಿಯವರಲ್ಲಿ ನನ್ನ ಬಿನ್ನಹ: ಮೂರು ವಾರ ಇಲ್ಲಿಯ ದೀಪ ಹನ್ನೆರಡರವರೆಗೆ ಉರಿಯಲಿ. ಬಾಗಿಲು ಹಾಕುವ ಹೊಣೆ ನನ್ನದು. ವಿಜ್ಞಾನ ಬಲ್ಲವರು ಒಂದು ರಾತ್ರಿಯಾದರೂ ಬಂದು ಜೊತೆಗೆ ಕುಳಿತುಕೊಳ್ಳಿ.