ಮೂರನೆಯವನ ಹಕ್ಕು



ಸ್ಕೂಟರಿನ ಡಿಕ್ಕಿಯಲ್ಲಿ ವಿಮೆಯ ಕಾಗದ ಮಡಚಿಟ್ಟುಕೊಂಡು ಓಡಾಡುವವರಿಗೆಲ್ಲ ‘ಥರ್ಡ್ ಪಾರ್ಟಿ’ ಎಂಬ ಮಾತು ಗೊತ್ತು. ಆ ಮೂರನೆಯವನು ಯಾರೆಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಮೊದಲನೆಯವನು ವಾಹನದ ಮಾಲೀಕ, ಎರಡನೆಯದು ವಿಮಾ ಕಂಪನಿ. ಒಪ್ಪಂದವೇನಿದ್ದರೂ ಇವರಿಬ್ಬರ ನಡುವಿನದು. ಮೂರನೆಯವನು ಆ ಕಾಗದಕ್ಕೆ ರುಜು ಹಾಕಿದವನಲ್ಲ, ಒಂದು ಪೈಸೆ ಕಂತು ಕಟ್ಟಿದವನಲ್ಲ. ಅವನು ರಸ್ತೆ ದಾಟುತ್ತಿದ್ದವನು, ಸೈಕಲ್ಲಿನಲ್ಲಿ ಹಾಲು ಹಾಕಲು ಹೊರಟವನು. ಆದರೂ ಕಾನೂನು ಈ ವಿಮೆಯನ್ನು ಕಡ್ಡಾಯ ಮಾಡಿರುವುದು ಅವನಿಗಾಗಿಯೇ.

ಒಪ್ಪಂದದ ಹೊರಗಿರುವವನಿಗೆ ಒಪ್ಪಂದದ ಹಣ ಹೇಗೆ ಸಲ್ಲಬೇಕು? ಹಿಂದೆ ಸಲ್ಲುತ್ತಿರಲಿಲ್ಲ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಹ್ಯಾರಿಂಗ್ಟನ್ ಮೋಟಾರ್ ಕಂಪನಿಯ ಪ್ರಕರಣ ಬಂತು. ಆ ಕಂಪನಿಯ ವಾಹನದಿಂದ ಗಾಯಗೊಂಡವನು ದಾವೆ ಗೆದ್ದಿದ್ದ. ಅಷ್ಟರಲ್ಲಿ ಕಂಪನಿ ದಿವಾಳಿ ಎದ್ದಿತ್ತು. ವಿಮೆಯ ಹಣವೇನೋ ಬಂತು, ಆದರೆ ಅದು ಕಂಪನಿಯ ಆಸ್ತಿಯಲ್ಲಿ ಸೇರಿ, ಅದಕ್ಕೆ ಸಾಲ ಕೊಟ್ಟವರೆಲ್ಲರಿಗೂ ಹಂಚಿಕೆಯಾಗಬೇಕಾಯಿತು. ಪೆಟ್ಟು ತಿಂದವನು ಒಬ್ಬ, ಆ ಪೆಟ್ಟಿನ ಲೆಕ್ಕದಲ್ಲಿ ಬಂದ ಹಣಕ್ಕೆ ಪಾಲುದಾರರು ಹಲವರು! ನ್ಯಾಯಾಲಯ ಕಾನೂನಿದ್ದಂತೆ ತೀರ್ಪಿತ್ತಿತು, ಕಾನೂನೇ ಸರಿಯಿರಲಿಲ್ಲ. 1930ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇಂಥ ಹಣ ನೇರವಾಗಿ ಗಾಯಾಳುವಿಗೇ ಸಲ್ಲುವಂತೆ ಒಂದು ಕಾಯಿದೆ ಮಾಡಿತು. ವಿಮೆಯನ್ನು ಕಡ್ಡಾಯಗೊಳಿಸಿದ ರಸ್ತೆ ಸಂಚಾರ ಕಾಯಿದೆಯೂ ಅದೇ ವರ್ಷದ್ದು.

ಅದೇ ಜಾಡಿನಲ್ಲಿ ನಮ್ಮಲ್ಲಿ 1939ರ ಮೋಟಾರು ವಾಹನಗಳ ಕಾಯಿದೆ ಬಂತು. ಅದರ ವಿಮೆಯ ಅಧ್ಯಾಯ ಜಾರಿಯಾದದ್ದು ಮಾತ್ರ 1946ರಲ್ಲಿ. 1988ರ ಹೊಸ ಕಾಯಿದೆ ಸಾವುನೋವಿನ ಪ್ರಕರಣಗಳಲ್ಲಿ ವಿಮಾ ಕಂಪನಿಯ ಹೊಣೆಗೆ ಇದ್ದ ಮಿತಿಯನ್ನು ತೆಗೆದುಹಾಕಿತು. ಮಾಲೀಕನ ತಪ್ಪಿಗೆ ಮೂರನೆಯವನು ಬರಿಗೈಯಲ್ಲಿ ಹೋಗಬಾರದೆಂಬ ತತ್ತ್ವವೂ ಬರಬರುತ್ತ ಗಟ್ಟಿಯಾಯಿತು. ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲವೆಂಬಂಥ ತಕರಾರಿದ್ದರೂ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಬಹುದೆಂದು ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಪರಿಹಾರವನ್ನು ನ್ಯಾಯಾಧೀಶರು ಅಂದಾಜಿನಲ್ಲಿ ಕೊಡುತ್ತಾರೆಂಬ ನಂಬಿಕೆ ಇದೆ. ಹಾಗಿಲ್ಲ. 2009ರ ಸರಳಾ ವರ್ಮ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳು ಅದಕ್ಕೊಂದು ಲೆಕ್ಕ ಹಾಕಿಕೊಟ್ಟಿವೆ. ತಿಂಗಳಿಗೆ 12,000 ರೂಪಾಯಿ ದುಡಿಯುವ, 35 ವರ್ಷದ ಬಡಗಿಯೊಬ್ಬ ಅಪಘಾತದಲ್ಲಿ ತೀರಿಕೊಂಡನೆನ್ನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಮುಂದೆ ದುಡಿಮೆ ಹೆಚ್ಚುತ್ತಿತ್ತೆಂದು ಶೇಕಡಾ 40 ಸೇರಿಸಿದರೆ 16,800. ಅವನ ಸ್ವಂತ ಖರ್ಚಿಗೆ ಮೂರನೆಯ ಒಂದು ಭಾಗ ಕಳೆದರೆ 11,200. ವರ್ಷಕ್ಕೆ 1,34,400. ಆ ವಯಸ್ಸಿನ ಗುಣಕ 16. ಅಲ್ಲಿಗೆ 21,50,400 ರೂಪಾಯಿ, ಅಂತ್ಯಕ್ರಿಯೆಯ ಖರ್ಚು ಮೊದಲಾದವು ಬೇರೆ. ಡಿಕ್ಕಿ ಹೊಡೆದದ್ದು 150 ಸಿಸಿಯೊಳಗಿನ ಸಾಮಾನ್ಯ ಬೈಕು ಎಂದಿಟ್ಟುಕೊಂಡರೆ, 2022ರಲ್ಲಿ ಗೊತ್ತುಪಡಿಸಿದ ದರದಂತೆ ಅದರ ಒಂದು ವರ್ಷದ ಥರ್ಡ್ ಪಾರ್ಟಿ ಕಂತು 714 ರೂಪಾಯಿ. ವಿಮೆ ಇಲ್ಲದಿದ್ದರೆ ಆ ಇಪ್ಪತ್ತೊಂದು ಲಕ್ಷವನ್ನು ಮಾಲೀಕನ ಮನೆ, ಹೊಲ ಹೊರಬೇಕು. ಅವನಿಗೆ ಏನೂ ಇಲ್ಲದಿದ್ದರೆ ಬಡಗಿಯ ಹೆಂಡತಿಯ ಕೈಯಲ್ಲಿ ಉಳಿಯುವುದು ತೀರ್ಪಿನ ನಕಲು ಮಾತ್ರ.

ಆದರೆ ವಾಹನದ ಮೇಲೆ ಕೂತವರೆಲ್ಲ ಈ ಕೊಡೆಯ ಕೆಳಗಿಲ್ಲ. ಹಳ್ಳಿಗಳಲ್ಲಿ ಮದುವೆ ದಿಬ್ಬಣ ಲಾರಿ, ಟೆಂಪೊ ಹತ್ತುವುದುಂಟು. ತನ್ನ ಟೊಮೆಟೊ ಬುಟ್ಟಿಗಳೊಂದಿಗೆ ಮಾರುಕಟ್ಟೆಗೆ ಹೊರಟ ರೈತನಿಗೆ ಸರಕಿನ ಒಡೆಯನೆಂಬ ಲೆಕ್ಕದಲ್ಲಿ ರಕ್ಷಣೆ ಇದೆ. ಅದೇ ಟೆಂಪೊದಲ್ಲಿ ಪುಕ್ಕಟೆಯಾಗಿ ಕೂತ ದಿಬ್ಬಣದವರಿಗೆ ಇಲ್ಲ. ಸುಪ್ರೀಂ ಕೋರ್ಟು ಹಿಂದೆಯೇ ಹೇಳಿದ್ದ ಈ ಮಾತನ್ನು 2019ರ ತಿದ್ದುಪಡಿ ಕಾಯಿದೆಯಲ್ಲೇ ಬರೆದಿಟ್ಟಿದೆ. ಬೈಕಿನ ಹಿಂಬದಿ ಸವಾರನ ಪಾಡೂ ಹೆಚ್ಚು ಬೇರೆಯಲ್ಲ. ಕಾಯಿದೆ ಕೇಳುವಷ್ಟೇ ವ್ಯಾಪ್ತಿಯ ಪಾಲಿಸಿಯಲ್ಲಿ ಅವನು ಸೇರುವುದಿಲ್ಲವೆಂದು 2006ರಲ್ಲಿ ತೀರ್ಪಾಯಿತು. ಹಿಂದೆ ಕೂರುವವಳು ಬಹುಪಾಲು ಮನೆಯಾಕೆಯೇ ಎಂಬುದನ್ನು ನೆನೆದರೆ, ಕಂತಿನಲ್ಲಿ ನಾಲ್ಕು ಕಾಸು ಉಳಿಸುವ ಮುನ್ನ ಪಾಲಿಸಿಯನ್ನು ಓದಿಸಿ ಕೇಳುವುದು ಒಳ್ಳೆಯದು.

ಇನ್ನು ಸರ್ಕಾರಿ ಬಸ್ಸು. ಪರಿಹಾರಕ್ಕೆಂದು ಸ್ವಂತ ನಿಧಿ ಇಟ್ಟುಕೊಂಡ ರಾಜ್ಯ ಸಾರಿಗೆ ಸಂಸ್ಥೆಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಅಲ್ಲಿ ಎರಡನೆಯವನೇ ಇಲ್ಲ, ಹಣ ಸಂಸ್ಥೆಯಿಂದಲೇ ಬರಬೇಕು. ಬಾರದೆ ತಡವಾದಾಗ ನ್ಯಾಯಾಲಯದ ಅಮೀನರು ನಿಲ್ದಾಣಕ್ಕೆ ಹೋಗಿ ಬಸ್ಸನ್ನೇ ಜಪ್ತಿ ಮಾಡಿದ ಸುದ್ದಿ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಎಷ್ಟೋ ಸಲ ಬಂದಿದೆ. ಪ್ರಯಾಣಿಕರು ಗೊಣಗುತ್ತ ಇಳಿದು ಬೇರೆ ಬಸ್ಸು ಹುಡುಕುತ್ತಾರೆ. ಖಾಲಿ ಬಸ್ಸು ಕೋರ್ಟಿನ ಆವರಣಕ್ಕೆ ಹೋಗಿ, ಹಣ ಜಮೆಯಾಗುವ ತನಕ ಅಲ್ಲಿ ನಿಂತಿರುತ್ತದೆ.