ಅಳತೆಯ ರವಿಕೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಡೂರು, ತರೀಕೆರೆ, ಅಜ್ಜಂಪುರಗಳ ಯಾವುದೇ ದರ್ಜಿಯ ಅಂಗಡಿಯ ಮೆಟ್ಟಿಲೇರಿದರೂ ಹೆಂಗಸರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಅಳತೆಗೆ ರವಿಕೆ ತಂದಿದ್ದೀರೇನಮ್ಮ?" ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ ದರ್ಜಿಯ ನಂಬಿಕೆ ಹಳೆಯ ರವಿಕೆಯ ಮೇಲೆಯೇ. ಇದು ಸೋಮಾರಿತನವಲ್ಲ. ಎದೆ, ಸೊಂಟಗಳ ಸುತ್ತಳತೆಯನ್ನು ಟೇಪು ಹೇಳೀತು. ಹುಲ್ಲಿನ ಹೊರೆ ಎತ್ತುವಾಗ ಕಂಕುಳಲ್ಲಿ ಎಷ್ಟು ಸಡಿಲವಿರಬೇಕೆಂಬುದನ್ನು ತೊಟ್ಟು ಹದಗೊಂಡ ಬಟ್ಟೆಯೇ ಹೇಳಬೇಕು.

ಈ ವಿದ್ಯೆಯನ್ನು ಮನೆಯಲ್ಲೇ ಕಲಿಯಬಹುದು. ಹೊಸ ಹತ್ತಿಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಅದು ಕುಗ್ಗುವುದಿದ್ದರೆ ಕತ್ತರಿಗೆ ಮುಂಚೆಯೇ ಕುಗ್ಗಲಿ. ಹರಿದ ಹಳೆಯ ಅಂಗಿಯ ಹೊಲಿಗೆಯನ್ನು ಪೂರ್ತಿ ಬಿಚ್ಚಲು ಅವಸರಪಡಬೇಡಿ. ಎಡ ಬಲ ಒಂದೇ ಆಗಿರುವುದರಿಂದ ಒಂದು ಮಗ್ಗುಲನ್ನು ಬಿಚ್ಚಿದರೆ ಸಾಕು. ಉಳಿದ ಮಗ್ಗುಲು, ಯಾವುದಕ್ಕೆ ಯಾವುದು ಸೇರುತ್ತದೆಂಬುದನ್ನು ತೋರಿಸುವ ಗುರುವಾಗಿ ಉಳಿಯುತ್ತದೆ. ಬಿಚ್ಚಿದ ತುಂಡುಗಳನ್ನು ಎಳೆಯದೆ ಇಸ್ತ್ರಿ ಮಾಡಿ, ಹಳೆಯ ದಿನಪತ್ರಿಕೆಯ ಮೇಲೆ ಹರಡಿ, ಅಂಚು ಗುರುತಿಸಿ. ಹಾಸುನೂಲು ಯಾವ ದಿಕ್ಕಿಗಿದೆಯೆಂದು ಬಾಣದ ಗುರುತು ಹಾಕುವುದನ್ನು ಮರೆಯಬೇಡಿ. ಹೊಸ ಬಟ್ಟೆಯಲ್ಲೂ ಅದೇ ದಿಕ್ಕಿಗಿಡದಿದ್ದರೆ ಅಂಗಿ ಸೊಟ್ಟಗೆ ಜೋತುಬೀಳುತ್ತದೆ. ತೋಳಿನ ಬಾಗು ಮುಂದೆ ಹೆಚ್ಚು ಆಳ, ಹಿಂದೆ ಕಡಿಮೆ. ಎರಡನ್ನೂ ಬೇರೆಬೇರೆಯಾಗಿಯೇ ಬರೆದುಕೊಳ್ಳಬೇಕು.

ಒಂದು ಎಚ್ಚರಿಕೆ. ಬಿಚ್ಚಿದ ತುಂಡಿನಲ್ಲಿ ಹೊಲಿಗೆಯ ಮಡಿಕೆ ಸೇರಿಯೇ ಇರುತ್ತದೆ. ಬಿಚ್ಚಲು ಮನಸ್ಸಾಗದ ಒಳ್ಳೆಯ ಅಂಗಿಯನ್ನು ಮಡಿಸಿಟ್ಟು ಅಚ್ಚು ತೆಗೆದರೆ ಮಾತ್ರ ಸುತ್ತಲೂ ಅರ್ಧ ಅಂಗುಲ ಕೂಡಿಸಬೇಕು. ಹಾಗೆಯೇ, ಹಳೆಯದೆಲ್ಲ ಸರಿಯೆಂದು ತಿಳಿಯುವುದೂ ತಪ್ಪು. ಜಗ್ಗಿದ ಕೊರಳನ್ನು ಇದ್ದಂತೆ ನಕಲು ಮಾಡಿದರೆ ಹೊಸ ಅಂಗಿಯ ಕೊರಳೂ ಜಗ್ಗಿದ್ದೇ ಆಗುತ್ತದೆ.

ಪರಿಸರದ ಸಭೆಯಲ್ಲಿ ಹೊಲಿಗೆಯ ಮಾತೇಕೆ ಎಂದೀರಿ. ಒಂದು ಹತ್ತಿಯ ಟೀ ಷರ್ಟಿಗೆ, ಬೆಳೆಯಿಂದ ಬಟ್ಟೆಯಾಗುವವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವುದನ್ನು ಬಲ್ಲ ಕಡೂರಿನ ಬಯಲುಸೀಮೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಯೆಸ್ಟರ್ ಆದರೆ ಇನ್ನೊಂದು ಬಗೆಯ ಕೇಡು: ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರು ಸೇರುತ್ತವೆ. ನಮ್ಮ ಹಳ್ಳಗಳ ನೀರು ಎಲ್ಲಿಗೆ ಹೋಗುತ್ತದೆ? ಲಕ್ಕವಳ್ಳಿಯ ಭದ್ರಾ ಜಲಾಶಯದಂಥ ಕಡೆಗಳಿಗೇ ಅಲ್ಲವೆ? ಮೈಗೆ ಒಪ್ಪದ ಸಿದ್ಧ ಉಡುಪು ನಾಲ್ಕು ಸಲ ತೊಟ್ಟು ಮೂಲೆ ಸೇರುತ್ತದೆ. ಒಪ್ಪುವ ಅಂಗಿ ಹರಿಯುವವರೆಗೂ ಬಾಳುತ್ತದೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 'ಚರಕ'ದ ಹೆಣ್ಣುಮಕ್ಕಳು ಸಹಜ ಬಣ್ಣದ ಕೈಮಗ್ಗದ ಬಟ್ಟೆಯಿಂದ ಬದುಕು ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಹೊಲಿಗೆಯಂತ್ರಗಳಿಗೇನೂ ಕೊರತೆಯಿಲ್ಲ. ಸೀರೆಗೆ ಫಾಲ್ಸ್ ಹಚ್ಚುವುದಕ್ಕಷ್ಟೇ ಅವು ಮೀಸಲಾಗಿರುವುದು ನನಗೆ ಸರಿಕಾಣದು.

ವಿದ್ಯಾರ್ಥಿಗಳು ಮೊದಲು ಲಂಗದಿಂದಲೋ ಪೈಜಾಮದಿಂದಲೋ ಆರಂಭಿಸಲಿ. ರವಿಕೆ ಕಷ್ಟದ ಕೆಲಸ. ಉಳಿದ ಚೂರುಗಳು ಕೌದಿಗಾದವು. ಕಾಗದದ ಅಚ್ಚನ್ನು ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿ. ಮಕ್ಕಳ ಅಂಗಿಯ ಅಚ್ಚಾದರೆ ಅದರ ಮೇಲೆ ವರ್ಷವನ್ನೂ ಬರೆದಿಡಿ. ಮುಂದಿನ ಯುಗಾದಿಗೆ ಎಷ್ಟು ಅಂಗುಲ ಕೂಡಿಸಬೇಕೆಂಬುದು ಆಗ ತಿಳಿಯುತ್ತದೆ.